ಒಂದೇ ಸರದ ಆರು ಮಣಿಗಳು: 142857

ಈ ವಾರದ ಅಂಕಣ ಓದುವ ಮುಂಚೆ ಒಂದು ಹಾಳೆ, ಒಂದು ಪೆನ್ಸಿಲ್ ತಂದಿಟ್ಟುಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಾಳೆಯ ಮೇಲೆ 142857 ಎಂದು ಬರೆಯಿರಿ. ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ಬಸ್ ಟಿಕೆಟ್ಟಿನ ಮೇಲಿನ ನಂಬರಿನಂತೆ ಕಾಣುವ ಈ ಸಂಖ್ಯೆಯಲ್ಲಿ ಮೇಲ್ನೋಟಕ್ಕೆ ವಿಶೇಷವೇನೂ ಇಲ್ಲ. ಈಗ ಇದನ್ನು ಒಂದರಿಂದ ಆರರವರೆಗೆ ಗುಣಿಸುತ್ತಾ ಹೋಗಿ.

142857 × 1 = 142857
142857 × 2 = 285714
142857 × 3 = 428571
142857 × 4 = 571428
142857 × 5 = 714285
142857 × 6 = 857142

ಏನು ಕಾಣಿಸಿತು? ಆರೂ ಉತ್ತರಗಳಲ್ಲಿ ಅದೇ ಆರು ಅಂಕಿಗಳಿವೆ. ಹೊಸದೊಂದು ಅಂಕಿ ಒಳಗೆ ಬಂದಿಲ್ಲ, ಹಳೆಯದೊಂದು ಹೊರಗೆ ಹೋಗಿಲ್ಲ. ಇನ್ನೂ ಸ್ವಲ್ಪ ಗಮನವಿಟ್ಟು ನೋಡಿ. ಅಂಕಿಗಳ ಸರದಿಯೂ ಬದಲಾಗಿಲ್ಲ. 1ರ ನಂತರ ಯಾವಾಗಲೂ 4, 4ರ ನಂತರ 2, ಆಮೇಲೆ 8, 5, 7. 7 ಆದ ಮೇಲೆ ಮತ್ತೆ 1. ಆರು ಮಣಿಗಳನ್ನು ಪೋಣಿಸಿದ ಒಂದು ಸರವನ್ನು ಊಹಿಸಿಕೊಳ್ಳಿ. ಗುಣಾಕಾರ ಆ ಸರವನ್ನು ಹರಿಯುವುದಿಲ್ಲ, ಮಣಿಗಳನ್ನು ಅದಲು ಬದಲು ಮಾಡುವುದಿಲ್ಲ. ಸರವನ್ನು ಸ್ವಲ್ಪ ತಿರುಗಿಸಿ ಬೇರೊಂದು ಮಣಿಯಿಂದ ಎಣಿಕೆ ಶುರುಮಾಡುತ್ತದೆ, ಅಷ್ಟೆ.

ಇಷ್ಟರಿಂದಲೇ ಗೆಳೆಯರ ಮುಂದೆ ಒಂದು ಆಟ ಕಟ್ಟಬಹುದು. ಒಬ್ಬ ಗೆಳೆಯನಿಗೆ ದಾಳ ಎಸೆಯಲು ಹೇಳಿ. ಬಿದ್ದ ಸಂಖ್ಯೆಯಿಂದ ಅವನು 142857ನ್ನು ಗುಣಿಸಲಿ. ಅವನು ಮೊದಲ ಸಾಲು ಮುಗಿಸುವುದರೊಳಗೆ ನೀವು ಉತ್ತರ ಹೇಳಿಬಿಡಬಹುದು. ದಾಳದಲ್ಲಿ 4 ಬಿತ್ತೆನ್ನಿ. ಏಳ್ನಾಲ್ಕಲಿ ಇಪ್ಪತ್ತೆಂಟು. ಹಾಗಾಗಿ ಉತ್ತರದ ಕೊನೆಯ ಅಂಕಿ 8 ಎಂಬುದು ಖಂಡಿತ. ಸರದಲ್ಲಿ 8 ಆದ ಮೇಲೆ ಬರುವುದು 5. ಆದ್ದರಿಂದ ಉತ್ತರ 5ರಿಂದ ಶುರುವಾಗಿ 8ರಲ್ಲಿ ಮುಗಿಯಬೇಕು: 571428. ಏಳರ ಮಗ್ಗಿ ಬಂದರೆ ಸಾಕು, ಸಭೆಯಲ್ಲಿ ಚಪ್ಪಾಳೆ ಗಿಟ್ಟುತ್ತದೆ.

ಆದರೆ ಚಪ್ಪಾಳೆಗೇ ನಿಂತುಬಿಟ್ಟರೆ ಮಧ್ಯಂತರದಲ್ಲಿ ಚಿತ್ರಮಂದಿರದಿಂದ ಎದ್ದು ಬಂದಂತೆ. ಈ ಸಂಖ್ಯೆಯನ್ನು ಮಾಯಾಸಂಖ್ಯೆ ಎಂದು ಕರೆದು ಕೈಮುಗಿಯುವವರಿದ್ದಾರೆ. ಕೈಮುಗಿಯುವುದಕ್ಕಿಂತ 'ಏಕೆ?' ಎಂದು ಕೇಳುವುದರಲ್ಲಿ ಹೆಚ್ಚು ಸುಖವಿದೆ. ಆ ಸುಖಕ್ಕೆ ಬೇಕಾಗಿರುವುದು ನಾಲ್ಕೈದನೇ ತರಗತಿಯ ಭಾಗಾಕಾರ ಮಾತ್ರ.

ಏಳನೇ ಗುಣಾಕಾರ ಹೇಳುವ ಗುಟ್ಟು

ಆರಕ್ಕೆ ನಿಲ್ಲಿಸಿದ ಗುಣಾಕಾರವನ್ನು ಒಂದು ಹೆಜ್ಜೆ ಮುಂದುವರಿಸಿ. 142857 × 7 = 999999. ಸರ ಇದ್ದಕ್ಕಿದ್ದಂತೆ ಮಾಯವಾಗಿ ಆರು ಒಂಬತ್ತುಗಳು ಸಾಲಾಗಿ ನಿಂತವು. ಅಂದರೆ ನಮ್ಮ ಸಂಖ್ಯೆ ಹುಟ್ಟಿದ್ದು ಏಳರ ಮನೆಯಲ್ಲಿ. ಆ ಮನೆಯೊಳಗೆ ಹೋಗಬೇಕಾದರೆ 1ನ್ನು 7ರಿಂದ ಭಾಗಿಸಬೇಕು.

ಒಂದರಲ್ಲಿ ಏಳು ಹೋಗುವುದಿಲ್ಲ. ಬಿಂದು ಇಟ್ಟು, ಪಕ್ಕಕ್ಕೆ ಸೊನ್ನೆ ಸೇರಿಸಿ 10 ಮಾಡಿಕೊಳ್ಳುತ್ತೇವೆ. ಮುಂದಿನದು ಹೀಗೆ ಸಾಗುತ್ತದೆ.

10ರಲ್ಲಿ 7 ಒಂದು ಸಲ, ಶೇಷ 3
30ರಲ್ಲಿ 7 ನಾಲ್ಕು ಸಲ, ಶೇಷ 2
20ರಲ್ಲಿ 7 ಎರಡು ಸಲ, ಶೇಷ 6
60ರಲ್ಲಿ 7 ಎಂಟು ಸಲ, ಶೇಷ 4
40ರಲ್ಲಿ 7 ಐದು ಸಲ, ಶೇಷ 5
50ರಲ್ಲಿ 7 ಏಳು ಸಲ, ಶೇಷ 1

ಶೇಷ 1 ಬಂತು. ನಾವು ಹೊರಟಿದ್ದೂ 1ರಿಂದಲೇ. ಆದ್ದರಿಂದ ಇನ್ನು ಮುಂದೆ ಎಲ್ಲವೂ ಮೊದಲಿನಂತೆಯೇ ಮರುಕಳಿಸುತ್ತದೆ. ಉತ್ತರ 0.142857142857142857... ಹೀಗೆ ಕೊನೆಯಿಲ್ಲದೆ ಸುತ್ತುತ್ತದೆ. ಶಾಲೆಯ ಪಠ್ಯದಲ್ಲಿ ಇದಕ್ಕೆ ಆವರ್ತ ದಶಮಾಂಶ ಎನ್ನುತ್ತಾರೆ.

ಸಾಮಾನ್ಯವಾಗಿ ಭಾಗಾಕಾರ ಮುಗಿದೊಡನೆ ನಮ್ಮ ಕಣ್ಣು ಭಾಗಲಬ್ಧದ ಮೇಲಿರುತ್ತದೆ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಶೇಷಗಳನ್ನು ಒರೆಸಿಬಿಡುತ್ತೇವೆ. ಈ ಸಲ ಒರೆಸಬೇಡಿ. ಅವುಗಳನ್ನೇ ಸಾಲಾಗಿ ಬರೆಯಿರಿ. ಹೊರಟ 1ನ್ನೂ ಸೇರಿಸಿದರೆ ಸಿಗುವುದು 1, 3, 2, 6, 4, 5. ಒಂದರಿಂದ ಆರರವರೆಗಿನ ಎಲ್ಲ ಸಂಖ್ಯೆಗಳೂ ಇಲ್ಲಿವೆ, ಒಂದೊಂದೂ ಒಂದೇ ಸಲ.

ಹೀಗೇಕೆ? ಏಳರಿಂದ ಭಾಗಿಸುವಾಗ ಉಳಿಯಬಹುದಾದ ಶೇಷಗಳು 0, 1, 2, 3, 4, 5, 6 ಮಾತ್ರ. ಸೊನ್ನೆ ಉಳಿದರೆ ಭಾಗಾಕಾರ ಅಲ್ಲಿಗೇ ನಿಲ್ಲುತ್ತದೆ. ಆದರೆ ಅದು ಇಲ್ಲಿ ಸಾಧ್ಯವಿಲ್ಲ. ಏಕೆಂದರೆ 10, 100, 1000 ಇವೆಲ್ಲ 2 ಮತ್ತು 5ನ್ನು ಮಾತ್ರ ಗುಣಿಸಿ ಕಟ್ಟಿದ ಸಂಖ್ಯೆಗಳು. ಅವುಗಳೊಳಗೆ 7ಕ್ಕೆ ಜಾಗವಿಲ್ಲ. ಉಳಿದದ್ದು ಆರು ಶೇಷಗಳು. ಆರೇ ಸೀಟುಗಳಿರುವ ಗಾಡಿಗೆ ಏಳನೆಯವನು ಹತ್ತಿದರೆ ಯಾರದೋ ಸೀಟಿನಲ್ಲೇ ಕೂರಬೇಕು. ಹಾಗೆಯೇ ಏಳನೇ ಹೆಜ್ಜೆಯೊಳಗೆ ಹಳೆಯ ಶೇಷವೊಂದು ಮತ್ತೆ ಬರಲೇಬೇಕು. ಏಳರ ವಿಷಯದಲ್ಲಿ ಆರೂ ಸೀಟು ತುಂಬಿದ ಮೇಲೆಯೇ ಅದು ಮತ್ತೆ ಬಂತು ಎಂಬುದು ನಮ್ಮ ಅದೃಷ್ಟ.

ಈಗ ಗುಟ್ಟು ಬಯಲಾಗುವ ಹೊತ್ತು. 3ನ್ನು 7ರಿಂದ ಭಾಗಿಸಿ ನೋಡಿ. ಮೊದಲ ಹೆಜ್ಜೆ 30ರಲ್ಲಿ 7. ಅದು ಮೇಲಿನ ಪಟ್ಟಿಯ ಎರಡನೇ ಸಾಲೇ ಅಲ್ಲವೇ? ಅಲ್ಲಿಂದ ಮುಂದೆ ಎಲ್ಲವೂ ಆ ಪಟ್ಟಿಯಂತೆಯೇ ನಡೆಯುತ್ತದೆ: 0.428571... ಊರು ಸುತ್ತುವ ಬಸ್ಸನ್ನು ಯಾವ ನಿಲ್ದಾಣದಲ್ಲಿ ಹತ್ತಿದರೂ ಮುಂದಿನ ನಿಲ್ದಾಣಗಳು ಅದೇ ಸರದಿಯಲ್ಲಿ ಬರುತ್ತವೆ. ಆರು ಶೇಷಗಳೇ ಆರು ನಿಲ್ದಾಣಗಳು. 2ನ್ನು ಭಾಗಿಸಿ, 4ನ್ನು ಭಾಗಿಸಿ, 5ನ್ನು ಭಾಗಿಸಿ, ಹತ್ತುವ ಜಾಗ ಬೇರೆ, ದಾರಿ ಒಂದೇ. ಏಳರಲ್ಲಿ ಮೂರು ಭಾಗ ಎಂದರೆ ಏಳರಲ್ಲಿ ಒಂದು ಭಾಗದ ಮೂರರಷ್ಟು. ಆದ್ದರಿಂದ 142857ರ ಮೂರರಷ್ಟು 428571 ಆಗದೆ ಬೇರೆ ದಾರಿಯೇ ಇಲ್ಲ.

ಎದುರುಬದುರು ಕುಳಿತ ಒಂಬತ್ತುಗಳು

ಸರದ ಆರು ಮಣಿಗಳನ್ನು ದುಂಡಗೆ ಬರೆದು, ಎದುರುಬದುರು ಇರುವ ಅಂಕಿಗಳನ್ನು ಕೂಡಿಸಿ. 1 ಮತ್ತು 8, 4 ಮತ್ತು 5, 2 ಮತ್ತು 7. ಮೂರು ಜೋಡಿಗೂ ಮೊತ್ತ 9. ಸಂಖ್ಯೆಯನ್ನು ನಡುವೆ ಮುರಿದು ಕೂಡಿಸಿದರೆ 142 + 857 = 999. ಮೂರು ತುಂಡು ಮಾಡಿದರೆ 14 + 28 + 57 = 99.

ಇದಕ್ಕೂ ಕಾರಣ ದೂರದಲ್ಲಿಲ್ಲ. ಒಂದರಷ್ಟು ಮತ್ತು ಆರರಷ್ಟು ಸೇರಿದರೆ ಏಳರಷ್ಟು. ಅಂದರೆ 142857 + 857142 = 999999. ಎರಡು ಅಂಕಿಗಳನ್ನು ಕೂಡಿ, ದಶಕವೂ ಬಾರದೆ 9 ಉಳಿಯಬೇಕಾದರೆ ಅವುಗಳ ಮೊತ್ತ ಸರಿಯಾಗಿ 9 ಇರಲೇಬೇಕು. ಹಾಗೆಯೇ ಒಂದರಷ್ಟು, ಎರಡರಷ್ಟು, ನಾಲ್ಕರಷ್ಟು ಸೇರಿದರೂ ಏಳರಷ್ಟೇ. 142857, 285714, 571428 ಇವುಗಳನ್ನು ಒಂದರ ಕೆಳಗೊಂದು ಬರೆದರೆ ಎಡಗಡೆಯ ಜೋಡಿಗಳಾಗಿ 14, 28, 57 ತಾವೇ ಬಂದು ನಿಲ್ಲುತ್ತವೆ. ನಡುವೆ ಮುರಿದರೆ ಒಂಬತ್ತುಗಳು ಬರುವ ಈ ಗುಣವನ್ನು ಇತರ ಆವರ್ತ ದಶಮಾಂಶಗಳಲ್ಲೂ ಕಂಡು, 1836ರಲ್ಲಿ ಮಿಡಿ ಎಂಬ ಫ್ರೆಂಚ್ ಗಣಿತಜ್ಞ ನಿಯಮವಾಗಿ ಬರೆದಿಟ್ಟ.

ನೆನಪಿಟ್ಟುಕೊಳ್ಳಲು ಒಂದು ಉಪಾಯವನ್ನೂ ಹೇಳಿಬಿಡುತ್ತೇನೆ. ಏಳೆರಡಲಿ 14. ಅದರ ಎರಡರಷ್ಟು 28. ಮತ್ತೆ ಎರಡರಷ್ಟು 56. ಮತ್ತೆ ಎರಡರಷ್ಟು 112. ಇದು ಮೂರಂಕಿಯಾದ್ದರಿಂದ ಅದರ ನೂರು ಹಿಂದಿನ 56ಕ್ಕೆ ದಶಕವಾಗಿ ಸೇರಿ 57 ಆಗುತ್ತದೆ. 14, 28, 57.

ವರ್ಷಕ್ಕೆ ಎಷ್ಟು ವಾರ?

ಏಳಕ್ಕಿಂತ ದೊಡ್ಡ ಸಂಖ್ಯೆಯಿಂದ ಗುಣಿಸಿದರೆ ಸರ ಹರಿದುಹೋಗುತ್ತದೆಯೇ? 142857ನ್ನು ವರ್ಷದ ದಿನಗಳಿಂದ, ಅಂದರೆ 365ರಿಂದ ಗುಣಿಸಿ. ಉತ್ತರ 52142805. ಬಲಗಡೆಯಿಂದ ಆರು ಅಂಕಿ ಬಿಟ್ಟು ಕತ್ತರಿಸಿ: ಎಡಕ್ಕೆ 52, ಬಲಕ್ಕೆ 142805. ಎರಡನ್ನೂ ಕೂಡಿಸಿ. ಬಂದದ್ದು 142857! ಹರಿದ ಸರ ಮತ್ತೆ ಸೇರಿಕೊಂಡಿತು.

ಎಡಕ್ಕೆ ಬಂದ 52ನ್ನು ಗಮನಿಸಿದಿರಾ? ಒಂದು ವರ್ಷದಲ್ಲಿ 52 ವಾರಗಳು, ಮೇಲೊಂದು ದಿನ. ಎಡದ ತುಂಡು ವಾರಗಳನ್ನು ಎಣಿಸಿತು. ಕೂಡಿಸಿದಾಗ ಬಂದ ಒಂದರಷ್ಟು ಸರ, ಮಿಕ್ಕ ಒಂದು ದಿನವನ್ನು ಹೇಳಿತು. ಈ ವರ್ಷ ಸೋಮವಾರ ಬಿದ್ದ ಹುಟ್ಟುಹಬ್ಬ ಮುಂದಿನ ವರ್ಷ ಮಂಗಳವಾರಕ್ಕೆ ಜರುಗುವುದು ಈ ಒಂದು ದಿನದಿಂದಲೇ. ನಡುವೆ ಫೆಬ್ರುವರಿ 29 ಬಂದರೆ? 366ರಿಂದ ಗುಣಿಸಿ: 52285662. ಕತ್ತರಿಸಿ ಕೂಡಿಸಿದರೆ 285714, ಅಂದರೆ ಎರಡರಷ್ಟು. ಹಬ್ಬ ಎರಡು ದಿನ ಮುಂದೆ ಹೋಗುತ್ತದೆ.

ಕಾರಣ ಹೀಗಿದೆ. ಏಳರಷ್ಟು ಎಂದರೆ 999999, ಅಂದರೆ ಹತ್ತು ಲಕ್ಷಕ್ಕೆ ಒಂದು ಕಡಿಮೆ. ಹಾಗಾಗಿ 52 ವಾರಗಳಿಗೆ 52 ಹತ್ತು ಲಕ್ಷಗಳು. ಅವು ಎಡಕ್ಕೆ ಹೋಗಿ ಕುಳಿತವು. ಆದರೆ ವಾರಕ್ಕೆ ಒಂದರಂತೆ 52 ಕಡಿಮೆಯಾಗಿತ್ತಲ್ಲ, ಆ ಕೊರತೆ ಬಲದ ತುಂಡಿನಲ್ಲಿ ಕಾಣಿಸಿಕೊಂಡಿತು. ಎಡದ 52ನ್ನು ಕೂಡಿಸಿದಾಗ ಸಾಲ ತೀರಿತು. ಏಳರಿಂದ ಸರಿಯಾಗಿ ಭಾಗವಾಗುವ 364ರಂಥ ಸಂಖ್ಯೆಯಾದರೆ ಮಿಕ್ಕ ದಿನವೇ ಇಲ್ಲ. ಆಗ ಕೂಡಿದ ಉತ್ತರ 999999. ಅಲ್ಲಿ ಮಾತ್ರ ಎಡದ ತುಂಡು ವಾರಗಳಿಗಿಂತ ಒಂದು ಕಡಿಮೆ ತೋರಿಸುತ್ತದೆ.

ಇದೇ ಬೀಗದ ಕೈ ಇನ್ನೊಂದು ಬಾಗಿಲನ್ನೂ ತೆರೆಯುತ್ತದೆ. 142857ನ್ನು ಅದರಿಂದಲೇ ಗುಣಿಸಿದರೆ 20408122449. ಕತ್ತರಿಸಿ ಕೂಡಿಸಿ: 20408 + 122449 = 142857. ವರ್ಗವನ್ನು ಎರಡು ತುಂಡು ಮಾಡಿ ಕೂಡಿಸಿದರೆ ಮೂಲ ಸಂಖ್ಯೆಯೇ ಮರಳುವ ಇಂಥವುಗಳಿಗೆ ಕಾಪ್ರೇಕರ್ ಸಂಖ್ಯೆಗಳೆಂದು ಹೆಸರು. 45 ಅಂಥದೊಂದು: ಅದರ ವರ್ಗ 2025, 20 + 25 = 45. ಹೆಸರು ಬಂದದ್ದು ನಾಸಿಕದ ಬಳಿಯ ದೇವಳಾಲಿಯಲ್ಲಿ 1930ರಿಂದ 1962ರವರೆಗೆ ಶಾಲಾ ಉಪಾಧ್ಯಾಯರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905-1986) ಅವರಿಂದ. ನಮ್ಮ ಸಂಖ್ಯೆ ಈ ಗುಂಪಿಗೆ ಸೇರಿದ್ದರ ಕಾರಣವನ್ನು ನೀವೀಗಾಗಲೇ ಬಲ್ಲಿರಿ. 142857 ದಿನಗಳೆಂದರೆ 20408 ವಾರಗಳು, ಮೇಲೊಂದು ದಿನ!

ಏಳಕ್ಕೆ ಜೊತೆಗಾರರು ಯಾರು?

ಎಲ್ಲ ಅವಿಭಾಜ್ಯ ಸಂಖ್ಯೆಗಳೂ ಹೀಗೆ ಸರ ಪೋಣಿಸುತ್ತವೆಯೇ? ಇಲ್ಲ. 1ನ್ನು 3ರಿಂದ ಭಾಗಿಸಿದರೆ 0.333...; ಶೇಷ 1 ಬಿಟ್ಟು ಕದಲುವುದೇ ಇಲ್ಲ. 11ರಿಂದ ಭಾಗಿಸಿದರೆ 0.0909...; ಎರಡೇ ಮಣಿ. 13 ಇನ್ನೂ ಸ್ವಾರಸ್ಯಕರ. ಅದಕ್ಕೆ 12 ಶೇಷಗಳಿರಬಹುದು, ಆದರೆ ಅವು ಒಂದೇ ಸರವಾಗದೆ ಆರಾರು ಮಣಿಗಳ ಎರಡು ಸರಗಳಾಗಿ ಪಾಲಾಗುತ್ತವೆ: ಒಂದು 076923, ಇನ್ನೊಂದು 153846. 17ಕ್ಕೆ ಬಂದರೆ ಮತ್ತೆ ಒಟ್ಟು ಕುಟುಂಬ. 16 ಶೇಷಗಳೂ ಒಂದೇ ಸರದಲ್ಲಿ ಸೇರಿ 0588235294117647 ಆಗುತ್ತವೆ.

ನೂರರೊಳಗೆ 25 ಅವಿಭಾಜ್ಯ ಸಂಖ್ಯೆಗಳಿವೆ. ಅವುಗಳಲ್ಲಿ ಏಳರಂತೆ ಎಲ್ಲ ಶೇಷಗಳನ್ನೂ ಒಂದೇ ಸರದಲ್ಲಿ ಪೋಣಿಸುವವು ಒಂಬತ್ತು: 7, 17, 19, 23, 29, 47, 59, 61, 97. ಈ ಗುಂಪಿನಲ್ಲೂ 7ಕ್ಕೆ ಒಂದು ಹಿರಿಮೆ ಇದೆ. 10ಕ್ಕಿಂತ ದೊಡ್ಡ ಸಂಖ್ಯೆಯಿಂದ 1ನ್ನು ಭಾಗಿಸಿದಾಗ ಬಿಂದುವಿನ ನಂತರ ಮೊದಲು ಸೊನ್ನೆಯೇ ಬರುತ್ತದೆ. ಆದ್ದರಿಂದ ಸೊನ್ನೆಯಿಂದ ಶುರುವಾಗದ ಇಂಥ ಸರ 142857 ಒಂದೇ. ಎಷ್ಟು ದೂರ ಹುಡುಕಿದರೂ ಇನ್ನೊಂದು ಸಿಗದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಗುಣ ಏಳರದು ಮಾತ್ರ ಅಲ್ಲ, ಏಳು ಮತ್ತು ಹತ್ತರ ನಡುವಿನ ನೆಂಟಸ್ತಿಕೆಯದು. ಪ್ರತಿ ಹೆಜ್ಜೆಯಲ್ಲೂ ನಾವು ಸೊನ್ನೆ ಸೇರಿಸಿದ್ದೆಂದರೆ ಹತ್ತರಿಂದ ಗುಣಿಸಿದ್ದು. ನಮಗೆ ಹತ್ತರ ಬದಲು ಎಂಟು ಬೆರಳುಗಳಿದ್ದು, ಎಂಟೆಂಟರ ಗುಂಪಿನಲ್ಲಿ ಎಣಿಸುವ ರೂಢಿ ಬೆಳೆದಿದ್ದರೆ, ಏಳರಲ್ಲಿ ಒಂದು ಭಾಗ 0.111... ಎಂದು ಸಪ್ಪೆಯಾಗಿ ಮುಗಿಯುತ್ತಿತ್ತು.

ಉತ್ತರವಿಲ್ಲದ ಒಂದು ಪ್ರಶ್ನೆ

ಜರ್ಮನಿಯ ಗೌಸ್ 1801ರಲ್ಲಿ, ತನ್ನ 24ನೇ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಮಹಾಗ್ರಂಥವೊಂದನ್ನು ಪ್ರಕಟಿಸಿದ. ಅದರಲ್ಲಿ ಈ ಆವರ್ತ ದಶಮಾಂಶಗಳಿಗೂ ಜಾಗವಿದೆ. ನೂರರೊಳಗಿನ ಸಂಖ್ಯೆಗಳ ಕೋಷ್ಟಕವನ್ನು ಅವನು ಕೊನೆಯಲ್ಲಿ ಕೊಟ್ಟಿದ್ದಾನೆ. ಇಂಗ್ಲೆಂಡಿನಲ್ಲಿ ಒಂದು ವಸತಿಶಾಲೆ ನಡೆಸುತ್ತಿದ್ದ ವಿಲಿಯಂ ಶಾಂಕ್ಸ್ (1812-1882) ಸಾವಿರಾರು ಅವಿಭಾಜ್ಯ ಸಂಖ್ಯೆಗಳಿಗೆ ಎಷ್ಟೆಷ್ಟು ಮಣಿಗಳ ಸರ ಎಂಬುದನ್ನು ಯಂತ್ರದ ನೆರವಿಲ್ಲದೆ ಲೆಕ್ಕ ಹಾಕಿದ.

ಆದರೂ ಸರಳವಾದ ಒಂದು ಪ್ರಶ್ನೆ ಹಾಗೆಯೇ ಉಳಿದಿದೆ. 7, 17, 19, 23... ಈ ಪಟ್ಟಿ ಎಲ್ಲಾದರೂ ಮುಗಿಯುತ್ತದೆಯೇ, ಅಥವಾ ಕೊನೆಯಿಲ್ಲದೆ ಸಾಗುತ್ತದೆಯೇ? ಕೊನೆಯಿಲ್ಲ ಎಂದೂ, ಒಟ್ಟಾರೆ ನೂರು ಅವಿಭಾಜ್ಯ ಸಂಖ್ಯೆಗಳಿಗೆ ಸುಮಾರು 37 ಈ ಗುಂಪಿಗೆ ಸೇರುತ್ತವೆಂದೂ 1927ರಲ್ಲಿ ಎಮಿಲ್ ಆರ್ಟಿನ್ ಊಹಿಸಿದ. ನೂರರೊಳಗಿನ ನಮ್ಮ ಲೆಕ್ಕ 25ಕ್ಕೆ 9, ಅಂದರೆ ನೂರಕ್ಕೆ 36. ಊಹೆಗೆ ತೀರ ಹತ್ತಿರ. ಆದರೆ ಗಣಿತದಲ್ಲಿ ಹತ್ತಿರವಿದ್ದರೆ ಸಾಲದು, ಸಾಧನೆ ಬೇಕು. 1967ರಲ್ಲಿ ಹೂಲಿ ಎಂಬಾತ ಆರ್ಟಿನ್ ಹೇಳಿದ್ದು ನಿಜವೆಂದು ತೋರಿಸಿದ, ಆದರೆ ಒಂದು ಷರತ್ತಿನ ಮೇಲೆ: ರೀಮಾನ್ ಊಹೆಯ ವ್ಯಾಪಕ ರೂಪ ನಿಜವಾಗಿರಬೇಕು. ಅದೂ ಇನ್ನೂ ಸಾಧಿತವಾಗಿಲ್ಲ. 1984ರಲ್ಲಿ ರಾಜೀವ್ ಗುಪ್ತ ಮತ್ತು ರಾಮ್ ಮೂರ್ತಿ ಹೊಸ ದಾರಿ ತೆರೆದರು. 1986ರಲ್ಲಿ ಹೀತ್-ಬ್ರೌನ್ ಆ ದಾರಿಯಲ್ಲಿ ಮುಂದೆ ಹೋದ. ಹತ್ತರ ಬದಲು 2, 3, 5 ಇವುಗಳಿಂದ ಎಣಿಸಿದರೆ, ಮೂರರಲ್ಲಿ ಒಂದಕ್ಕಾದರೂ ಇಂಥ ಪಟ್ಟಿ ಅನಂತವಾಗಿರಲೇಬೇಕು ಎಂಬುದು ಅವನ ಕೆಲಸದಿಂದ ಸಿದ್ಧವಾಯಿತು. ಯಾವುದಕ್ಕೆ ಎಂದು ಬೆರಳಿಟ್ಟು ತೋರಿಸಲು ಆಗಿಲ್ಲ. ನಮ್ಮ ಹತ್ತರ ಪ್ರಶ್ನೆಗಂತೂ ಇಂದಿಗೂ ಉತ್ತರವಿಲ್ಲ.

ಪಾಲಕರಲ್ಲಿ ಒಂದು ಮಾತು. 1ನ್ನು 7ರಿಂದ ಭಾಗಿಸುತ್ತಿರುವ ಮಗು, 'ಇದು ಮುಗಿಯುವುದೇ ಇಲ್ಲವಲ್ಲ, ಎಲ್ಲಿಯವರೆಗೆ ಮಾಡಲಿ?' ಎಂದು ಕೇಳುವುದುಂಟು. 'ಎರಡು ಸ್ಥಾನ ಸಾಕು, ಮುಂದಿನ ಲೆಕ್ಕ ಮಾಡು' ಎಂದುಬಿಡುವುದು ಸುಲಭ. ಪರೀಕ್ಷೆಗೆ ಅದು ಸಾಲುತ್ತದೆ ಕೂಡ. ಕ್ಯಾಲ್ಕುಲೇಟರೂ, ಕೈಲಿರುವ ಫೋನೂ ಮಾಡುವುದು ಅದನ್ನೇ: ಕೆಲವು ಅಂಕಿ ತೋರಿಸಿ ನಿಲ್ಲುತ್ತವೆ, ಶೇಷಗಳನ್ನು ತೋರಿಸುವುದಿಲ್ಲ. ಆದರೆ ಮಗುವಿನ ಆ ಪ್ರಶ್ನೆ ಸೋಮಾರಿತನದ್ದಲ್ಲ. ಗೌಸ್ ಕೋಷ್ಟಕ ಮಾಡಲು ಕುಳಿತದ್ದೂ, ಆರ್ಟಿನ್ ಊಹೆ ಮಾಡಿದ್ದೂ ಆ ಪ್ರಶ್ನೆಯ ಎಳೆ ಹಿಡಿದೇ. ಒಂದು ಸಂಜೆಯ ಮಟ್ಟಿಗೆ, 'ಎಲ್ಲಿಯವರೆಗೆ ಹೋಗುತ್ತದೋ ನೋಡೇ ಬಿಡೋಣ' ಎಂದು ಜೊತೆಗೆ ಕುಳಿತರೆ ಅಂಕ ಹೆಚ್ಚುತ್ತದೆಂದು ನಾನು ಹೇಳಲಾರೆ. ಲೆಕ್ಕದ ಭಯ ಮಾತ್ರ ಕಡಿಮೆಯಾದೀತು.

ನಿಮ್ಮ ಪೆನ್ಸಿಲ್ಲಿಗೆ ಕೆಲಸ

1. ಹದಿಮೂರಕ್ಕೆ ಎರಡು ಸರಗಳೆಂದೆ. 1ರಿಂದ 12ರವರೆಗಿನ ಯಾವ ಆರು ಸಂಖ್ಯೆಗಳು 076923ರ ಪಾಲಿಗೆ ಬರುತ್ತವೆ, ಯಾವ ಆರು 153846ರ ಪಾಲಿಗೆ? 1ನ್ನು 13ರಿಂದ ಭಾಗಿಸಿ ಶೇಷಗಳನ್ನು ಬರೆದಿಟ್ಟರೆ ಉತ್ತರ ಅಲ್ಲೇ ಇರುತ್ತದೆ.

2. ಹದಿನೇಳರ ಹದಿನಾರು ಅಂಕಿಗಳ ಸರವನ್ನು ನಡುವೆ ಮುರಿದು ಕೂಡಿಸಿ. ಎಷ್ಟು ಒಂಬತ್ತುಗಳು ಬರುತ್ತವೆ?

3. ನೀವು ಹುಟ್ಟಿ ಇಂದಿಗೆ ಎಷ್ಟು ದಿನಗಳಾದವು ಎಂದು ಎಣಿಸಿ. ಫೆಬ್ರುವರಿ 29ಗಳನ್ನು ಮರೆಯಬೇಡಿ. ಆ ಸಂಖ್ಯೆಯನ್ನು 142857ರಿಂದ ಗುಣಿಸಿ, ಬಲದಿಂದ ಆರು ಅಂಕಿ ಬಿಟ್ಟು ಕತ್ತರಿಸಿ ಕೂಡಿಸಿ. ಬಂದ ಉತ್ತರ ಸರದ ಎಷ್ಟರಷ್ಟು ಎಂದು ನೋಡಿ, ಇಂದಿನ ವಾರದಿಂದ ಅಷ್ಟು ದಿನ ಹಿಂದಕ್ಕೆ ಎಣಿಸಿ. 999999 ಬಂದರೆ ಹಿಂದಕ್ಕೆ ಹೋಗಬೇಕಾಗಿಲ್ಲ, ಇಂದಿನ ವಾರವೇ ಉತ್ತರ. ನೀವು ಹುಟ್ಟಿದ ವಾರ ಅದೇ ಹೌದೋ ಅಲ್ಲವೋ ಅಮ್ಮನನ್ನು ಕೇಳಿ. ಅವರಿಗೆ ಮರೆತಿರುವುದಿಲ್ಲ.